ಅರಮನೆಯ ಹುಲಿ, ಭಾನುವಾರದ ಬುತ್ತಿ

"ನಾಳೆ ಮಂಗಳವಾರ ಅಲ್ಲ ತಾನೆ?"

ಮೈಸೂರಿಗೆ ಹೊರಟ ಸಂಸಾರಗಳಲ್ಲಿ ಹಿಂದಿನ ರಾತ್ರಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಪುಳಿಯೋಗರೆಯ ಗೊಜ್ಜು ಕುದಿಯುತ್ತಿರುತ್ತದೆ, ಮೊಸರನ್ನಕ್ಕೆ ಹಾಲು ಹೆಪ್ಪು ಹಾಕಿರುತ್ತದೆ, ಬೆಳಗಿನ ರೈಲೋ ಬಸ್ಸೋ ಎಂಬ ಚರ್ಚೆ ಮುಗಿದಿರುತ್ತದೆ. ಆಗ ಮನೆಯ ಹಿರಿಯರೊಬ್ಬರಿಗೆ ಥಟ್ಟನೆ ನೆನಪಾಗುತ್ತದೆ: ಮಂಗಳವಾರ ಮೃಗಾಲಯಕ್ಕೆ ರಜೆ. ಅರಮನೆ ಇದ್ದೀತು, ಚಾಮುಂಡಿ ಬೆಟ್ಟ ಎಲ್ಲಿಗೂ ಹೋಗದು, ಸಂಜೆಗೆ ಬೃಂದಾವನದ ಕಾರಂಜಿಯೂ ಸಿಕ್ಕೀತು. ಆದರೆ ಹುಲಿಯನ್ನು ನೋಡದೆ ಮಕ್ಕಳನ್ನು ಊರಿಗೆ ವಾಪಸು ಕರೆತರುವುದೆಂದರೆ ದಾರಿಯುದ್ದಕ್ಕೂ ಅವರ ಅಳು ಕೇಳಬೇಕು. ಶ್ರೀರಂಗಪಟ್ಟಣ, ಮೃಗಾಲಯ, ಅರಮನೆ, ಬೆಟ್ಟ, ಬೃಂದಾವನ ಎಂಬ ಒಂದು ದಿನದ ಈ ಸುತ್ತು ಹಳೆಯ ಮೈಸೂರು ಸೀಮೆಯ ಮನೆಮನೆಗೂ ಬಾಯಿಪಾಠ. ಮೂರು ನಾಲ್ಕು ತಲೆಮಾರಿನವರು ಇದನ್ನು ಮಾಡಿದ್ದಾರೆ. ಆದ್ದರಿಂದಲೇ ಇದು ಎಂದೆಂದಿನಿಂದಲೂ ಇದ್ದ ಪದ್ಧತಿ ಎಂದು ತೋರುತ್ತದೆ. ವಾಸ್ತವವಾಗಿ, ಹೆಂಡತಿ ಮಕ್ಕಳೊಂದಿಗೆ ಬುತ್ತಿ ಕಟ್ಟಿಕೊಂಡು ಹೋಗಿ, ಕಾಸು ಕೊಟ್ಟು, ಕಾಡುಪ್ರಾಣಿಗಳನ್ನು ನೋಡಿಬರುವ ದಿನಕ್ಕೆ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ.

ಅದಕ್ಕೆ ಮೊದಲು ಜನ ಪ್ರಾಣಿಗಳನ್ನು ನೋಡಲು ಹೋಗುತ್ತಿರಲಿಲ್ಲ, ಪ್ರಾಣಿಗಳೇ ಜನರ ಬಳಿಗೆ ಬರುತ್ತಿದ್ದವು. ಸುಗ್ಗಿ ಮುಗಿದು ಕಣಜ ತುಂಬಿದ ಕಾಲಕ್ಕೆ ಸರಿಯಾಗಿ ಕೋಲೆ ಬಸವ ತಲೆಯಾಡಿಸುತ್ತ ಅಂಗಳಕ್ಕೆ ಬರುತ್ತಿತ್ತು. ಹಾವಾಡಿಗನ ಪುಂಗಿಯ ಸದ್ದು, ಕೋತಿ ಆಡಿಸುವವನ ಡಮರುಗ, ಇವೆಲ್ಲಕ್ಕಿಂತ ಮಿಗಿಲಾಗಿ ಕರಡಿ. ಮೂಗಿಗೆ ಹಗ್ಗ ಪೋಣಿಸಿದ ಕರಡಿ ಬೀದಿಯಲ್ಲಿ ಕುಣಿಯುತ್ತಿತ್ತು. ಬೆಚ್ಚಿಬೀಳುವ ಮಗುವನ್ನು ತಾಯಂದಿರು ಅದರ ಬೆನ್ನ ಮೇಲೆ ಒಂದು ಕ್ಷಣ ಕೂರಿಸಿ ಇಳಿಸುತ್ತಿದ್ದರು. ಅದರ ಕೂದಲೆಳೆಯನ್ನು ತಾಯಿತಕ್ಕೆ ತುಂಬಿ ಮಗುವಿನ ಕೊರಳಿಗೆ ಕಟ್ಟುತ್ತಿದ್ದರು. ಕೊಟ್ಟದ್ದು ಒಂದು ಮೊರ ರಾಗಿಯೋ ಹಳೆಯ ಸೀರೆಯೋ. ಟಿಕೆಟ್ ಎಂಬ ಮಾತು ಅಲ್ಲಿರಲಿಲ್ಲ. ಆಮೇಲೆ ಬಂದದ್ದು ಸರ್ಕಸ್ಸಿನ ಡೇರೆ. ಆನೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಸಿಂಹವನ್ನು ಬೆಂಕಿಯ ಬಳೆಯೊಳಗೆ ನೆಗೆಸುವ ಆ ಆಟ ಊರಿಂದೂರಿಗೆ ಸಾಗುತ್ತಿತ್ತು. ಈ ಕರಡಿ ಮತ್ತು ಸಿಂಹದ ಕತೆ ಮುಂದೆ ಮತ್ತೊಮ್ಮೆ ಬರಬೇಕಾಗಿದೆ.

ಇನ್ನು ಹುಲಿ, ಚಿರತೆಗಳನ್ನು ಸಾಕಿ ಇಟ್ಟುಕೊಳ್ಳುವುದು ಅರಸರಿಗೆ ಮಾತ್ರ ಸಾಧ್ಯವಿದ್ದ ವೈಭವ. ಏಕೆಂದರೆ ಅವು ತಿನ್ನುವ ಮಾಂಸದ ಲೆಕ್ಕ ಸಣ್ಣದಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ ಹುಲಿಗಳನ್ನು ಸಾಕಿಸಿದ್ದ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಪಟ್ಟಣದ ಹೊಣೆ ಹೊತ್ತವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಸುಲಿಗೆ, ಬೆಂಕಿ, ಹೆಣಗಳ ನಡುವೆ ಅವನು ದಂಡನಾಯಕ ಹ್ಯಾರಿಸನಿಗೆ ಬರೆದ ಕಾಗದದಲ್ಲಿ ಒಂದು ವಿಚಿತ್ರ ಸಮಸ್ಯೆಯೂ ಸೇರಿತ್ತು. ಇಲ್ಲಿ ಹುಲಿಗಳಿವೆ, ಅವಕ್ಕೆ ಹಾಕಲು ಆಹಾರವಿಲ್ಲ, ನೋಡಿಕೊಳ್ಳುವವರೂ ಇಲ್ಲ, ದಿನೇದಿನೇ ರೇಗುತ್ತಿವೆ. ನಿಜಾಮನ ಕಡೆಯ ಮೀರ್ ಆಲಂ ಅವನ್ನು ತರಿಸಿಕೊಳ್ಳದಿದ್ದರೆ ಗುಂಡಿಕ್ಕಿಸಬೇಕಾಗುತ್ತದೆ ಎಂಬುದು ಅದರ ಸಾರಾಂಶ. ರಾಜ್ಯ ಕಳೆದುಕೊಂಡ ದೊರೆಯ ಹುಲಿಗಳಿಗೆ ಎರಡೇ ದಿನದಲ್ಲಿ ಒದಗಿದ ಗತಿ ಇದು. ಬೋನಿನೊಳಗಿನ ಪ್ರಾಣಿಯ ಆಯುಸ್ಸು ಅದರ ಊಟದ ಖರ್ಚು ಕೊಡುವವನ ಆಯುಸ್ಸಿನೊಂದಿಗೆ ಕಟ್ಟುಬಿದ್ದಿರುತ್ತದೆ. ಮೃಗಾಲಯಗಳ ಚರಿತ್ರೆಯನ್ನು ಓದುವಾಗ ಈ ಒಂದು ಎಳೆಯನ್ನು ಕೈಬಿಡಬಾರದು.

ಯೂರೋಪಿನಲ್ಲಿಯೂ ಕತೆ ಹೆಚ್ಚು ಬೇರೆಯಲ್ಲ. ಅಲ್ಲಿಯೂ ಮೊದಲಿಗೆ ರಾಜರ ಉಪವನಗಳು, ಅವುಗಳಲ್ಲಿ ದೂರದೇಶದ ಕಾಣಿಕೆಯ ಪ್ರಾಣಿಗಳು. ಲಂಡನ್ನಿನಲ್ಲಿ ಪ್ರಾಣಿಶಾಸ್ತ್ರದ ಸಂಘವೊಂದು 1828ರಲ್ಲಿ ಮೃಗಾಲಯ ತೆರೆದಾಗ ಅದು ಸಂಘದ ಸದಸ್ಯರಿಗಾಗಿ, ವಿದ್ಯಾಭ್ಯಾಸಕ್ಕಾಗಿ ಎಂದು ಹೇಳಲಾಗಿತ್ತು. ಹತ್ತೊಂಬತ್ತು ವರ್ಷಗಳಾದ ಮೇಲೆ, 1847ರಲ್ಲಿ, ಎಲ್ಲರಿಗೂ ಬಾಗಿಲು ತೆರೆಯಿತು. ಕಾರಣ ಸರಳ, ಹಣ ಸಾಲದಾಗಿತ್ತು. ಹೀಗೆ ಬಾಗಿಲು ತೆರೆದ ಮೇಲೂ ಭಾನುವಾರ ಮಾತ್ರ ಬಹುಕಾಲ ಸದಸ್ಯರಿಗೇ ಮೀಸಲಾಗಿತ್ತು. ದುಡಿಯುವ ಜನಕ್ಕೆ ಬಿಡುವಿರುವ ಏಕೈಕ ದಿನ ಅವರಿಗೆ ಪ್ರವೇಶವಿಲ್ಲ. ಇದೊಂದು ತಮಾಷೆಯೇ ಸರಿ. ಭಾರತದಲ್ಲಿ 1855ರಲ್ಲಿ ಮದ್ರಾಸು, 1857ರಲ್ಲಿ ತಿರುವನಂತಪುರ, 1876ರಲ್ಲಿ ಕಲ್ಕತ್ತೆಯ ಆಲಿಪುರ, ಹೀಗೆ ಒಂದೊಂದಾಗಿ ಮೃಗಾಲಯಗಳು ಹುಟ್ಟಿಕೊಂಡವು. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಹಿಂದೆ ಒಂದಷ್ಟು ಪ್ರಾಣಿಗಳಿದ್ದವು ಎಂಬುದು ಇಂದು ಹೂವಿನ ಪ್ರದರ್ಶನಕ್ಕೆ ಹೋಗುವ ಅನೇಕರಿಗೆ ತಿಳಿಯದು.

ಮೈಸೂರಿನ ಸರದಿ ಬಂದದ್ದು 1892ರಲ್ಲಿ. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತ ಮುಗಿದು 1881ರಲ್ಲಿ ರಾಜ್ಯ ಮರಳಿ ಪಡೆದ ಹತ್ತನೆಯ ಚಾಮರಾಜೇಂದ್ರ ಒಡೆಯರು ಹೊಸತನಕ್ಕೆ ಹಾತೊರೆದ ದೊರೆ. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 1888ರಲ್ಲಿ ದಸರಾ ವಸ್ತುಪ್ರದರ್ಶನ ಬಂತು. ಅದಾದ ನಾಲ್ಕು ವರ್ಷಕ್ಕೆ ಬೇಸಿಗೆ ಅರಮನೆಯ ಬಳಿ ಸುಮಾರು ಹತ್ತು ಎಕರೆ ಜಾಗದಲ್ಲಿ ಪ್ರಾಣಿಗಳಿಗೆ ಮನೆಯಾಯಿತು. ಅದರ ಹೆಸರೇ 'ಅರಮನೆ ಮೃಗಾಲಯ'. ಇಂಗ್ಲೆಂಡಿನ ಎ. ಸಿ. ಹ್ಯೂಸ್ ಮೊದಲ ಮೇಲ್ವಿಚಾರಕರು. ಲಾಲ್‌ಬಾಗಿನಿಂದ ಬೃಂದಾವನದವರೆಗೆ ಮೈಸೂರು ರಾಜ್ಯದ ತೋಟಗಳಿಗೆಲ್ಲ ಕೈಯಾಡಿಸಿದ ಜರ್ಮನ್ ತೋಟಗಾರ ಕೃಂಬಿಗಲ್ಲರ ಹೆಸರೂ ಇದರ ಹಸಿರಿನೊಂದಿಗೆ ಸೇರಿಕೊಂಡಿದೆ. ಚಾಮರಾಜೇಂದ್ರರು ಮಾತ್ರ ಇದು ಬೆಳೆದದ್ದನ್ನು ನೋಡಲಿಲ್ಲ. ಎರಡೇ ವರ್ಷದಲ್ಲಿ, 1894ರ ಡಿಸೆಂಬರಿನಲ್ಲಿ, ಕಲ್ಕತ್ತೆಗೆ ಹೋಗಿದ್ದಾಗ ಅಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು 31.

ಟಿಪ್ಪುವಿನ ಹುಲಿಗಳಿಗೆ ಬಂದ ಗತಿ ಈ ಪ್ರಾಣಿಗಳಿಗೆ ಬರಲಿಲ್ಲ. ರಾಣಿ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ ರಾಜ್ಯಭಾರ ನಡೆಸಿದ ಕಾಲದಲ್ಲಿ ಮೃಗಾಲಯ ಮುಂದುವರಿಯಿತು, ವಿಸ್ತಾರಗೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. 1909ರಲ್ಲಿ ಸ್ಥಾಪಕ ದೊರೆಯ ಹೆಸರು ಹೊತ್ತು ಚಾಮರಾಜೇಂದ್ರ ಮೃಗಾಲಯವಾಯಿತು. ರೈತಾಪಿ ಸಂಸಾರವೊಂದು ಜಂಬೂಸವಾರಿ ನೋಡಲು ಗಾಡಿ ಕಟ್ಟಿಕೊಂಡು ಬಂದರೆ ಈಗ ಎರಡು ಬಗೆಯ ಆನೆಗಳು ಕಾಣುತ್ತಿದ್ದವು: ಅಂಬಾರಿ ಹೊತ್ತು ದೊರೆಯೊಂದಿಗೆ ಸಾಗುವ ಆನೆ, ಮತ್ತು ಸುಮ್ಮನೆ ನಿಂತು ಸೊಪ್ಪು ತಿನ್ನುವ ಆನೆ. ಮೊದಲನೆಯದನ್ನು ಕೈಮುಗಿದು ನೋಡಬೇಕು. ಎರಡನೆಯದರ ಮುಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ದರ್ಬಾರಿನ ವೈಭವದಲ್ಲಿ ಪ್ರಜೆಗೆ ಸಿಗದ ಸಲಿಗೆ ಇಲ್ಲಿ ಸಿಕ್ಕಿತು.

ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಮೃಗಾಲಯ ಅರಮನೆಯ ಕೈಯಿಂದ ಸರ್ಕಾರದ ಉದ್ಯಾನ ಇಲಾಖೆಗೆ ಬಂತು. ಉದ್ಯಾನ ಇಲಾಖೆಗೇ ಕೊಟ್ಟರೆಂಬುದನ್ನು ಗಮನಿಸಬೇಕು. ಹುಲಿ ಸಿಂಹಗಳು ಗುಲಾಬಿ ಪಾತಿಗಳ ಜೊತೆಗೆ ಒಂದೇ ಲೆಕ್ಕದ ಪುಸ್ತಕದಲ್ಲಿದ್ದವು. ಆ ಕಾಲದವರ ಮನಸ್ಸಿನಲ್ಲಿ ಮೃಗಾಲಯವೆಂದರೆ ವಿಹಾರದ ತೋಟ, ಪ್ರಾಣಿಗಳು ಅದರ ಅಲಂಕಾರ. ಹಳೆಯ ಮೈಸೂರಿನವರ ಬಾಲ್ಯದ ಭಾನುವಾರಗಳೂ ಹಾಗೆಯೇ ಇದ್ದವು. ಗೇಟಿನ ಹೊರಗೆ ಸೌತೆಕಾಯಿಗೆ ಉಪ್ಪುಖಾರ, ಚುರುಮುರಿ, ಕಡಲೇಕಾಯಿ. ಒಳಗೆ ಹೋದರೆ ಮರದ ನೆರಳಲ್ಲಿ ಜಮಖಾನ ಹಾಸಿ ಬುತ್ತಿ ಬಿಚ್ಚುವುದು. ಉಳಿದ ಚಿತ್ರಾನ್ನ ಜಿಂಕೆಗೆ, ಬಾಳೆಹಣ್ಣಿನ ಸಿಪ್ಪೆ ಕೋತಿಗೆ, ಕಡಲೇಕಾಯಿ ಕರಡಿಗೆ. ಇದೆಲ್ಲ ಪ್ರೀತಿಯಿಂದಲೇ ಮಾಡಿದ್ದು. ಮನೆಗೆ ಬಂದವರಿಗೆ ತಿನ್ನಲು ಕೊಡದೆ ಕಳಿಸದ ಸಂಸ್ಕಾರ ನಮ್ಮದು. ಇಲ್ಲಿ ಪ್ರಾಣಿಯ ಮನೆಗೆ ತಾವು ಹೋಗಿದ್ದರೂ ಕೊಡುವ ಅಭ್ಯಾಸ ಬಿಡಲಿಲ್ಲ. ನಿದ್ದೆಹೋದ ಸಿಂಹಕ್ಕೆ ಕಲ್ಲೆಸೆದು ಎಬ್ಬಿಸುವವರನ್ನು ಮಾತ್ರ ಪ್ರೀತಿಯ ಲೆಕ್ಕಕ್ಕೆ ಸೇರಿಸಲಾಗದು. ಸಿಂಹ ದಿನದಲ್ಲಿ 16 ಗಂಟೆಗೂ ಮಿಕ್ಕಿ ಮಲಗಿಯೇ ಇರುತ್ತದೆ. ಕಾಸು ಕೊಟ್ಟು ಬಂದವರಿಗೆ ಅದು ಮೋಸವೆನಿಸಿದರೆ ತಪ್ಪು ಸಿಂಹದ್ದಲ್ಲ.

ಪ್ಲಾಸ್ಟಿಕ್ ಬಂದ ಮೇಲೆ ಈ ತಿನ್ನಿಸುವ ಪ್ರೀತಿ ಮಾರಕವಾಯಿತು. ಬಾಳೆಲೆಯಲ್ಲಿ ಕಟ್ಟಿದ ಬುತ್ತಿಯನ್ನು ಎಲೆಸಮೇತ ಜಿಂಕೆ ತಿಂದರೂ ಕೆಡುಕಿರಲಿಲ್ಲ. ಉಪ್ಪಿನ ರುಚಿ ಹತ್ತಿದ ಪ್ಲಾಸ್ಟಿಕ್ ಚೀಲವನ್ನು ನುಂಗಿದರೆ ಅದು ಹೊಟ್ಟೆಯಲ್ಲಿ ಗಂಟಾಗಿ ನಿಲ್ಲುತ್ತದೆ, ಪ್ರಾಣಿ ಮೇವು ಬಿಡುತ್ತದೆ, ಸಾಯುತ್ತದೆ. ಇಂದು ಬಾಗಿಲಲ್ಲಿ ಚೀಲ ತಪಾಸಣೆ ಮಾಡುವುದನ್ನು ಕಂಡು ಮುಖ ಸಿಂಡರಿಸುವವರು ಇದನ್ನು ನೆನೆಯಬೇಕು. ನೀರಿನ ಬಾಟಲಿಗೆ ಚೀಟಿ ಅಂಟಿಸಿ, ಠೇವಣಿ ಕಟ್ಟಿಸಿಕೊಂಡು, ಹೊರಗೆ ಹೋಗುವಾಗ ಬಾಟಲಿ ತೋರಿಸಿದರೆ ಹಣ ಮರಳಿಸುವ ಉಪಾಯವನ್ನೂ ಮೈಸೂರಿನಲ್ಲಿ ಮಾಡಿದ್ದುಂಟು. ಒಟ್ಟಿನಲ್ಲಿ ಬುತ್ತಿ ಒಳಗಿನಿಂದ ಹೊರಗೆ ಬಂತು.

ನಿಲುವು ಬದಲಾಗಲು ಕಾನೂನೂ ಕಾರಣ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದೇ ವರ್ಷ ಮೈಸೂರು ಮೃಗಾಲಯ ಉದ್ಯಾನ ಇಲಾಖೆಯಿಂದ ಅರಣ್ಯ ಇಲಾಖೆಗೆ ಹೋಯಿತು, ಗುಲಾಬಿಯ ಪಕ್ಕದಿಂದ ಕಾಡಿನ ಪಕ್ಕಕ್ಕೆ. 1976ರಲ್ಲಿ ಪಕ್ಕದ ಕಾರಂಜಿ ಕೆರೆ ಅದಕ್ಕೆ ಸೇರಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ರಚನೆಯಾಯಿತು. ಮೃಗಾಲಯ ನಡೆಸಲೆಂದೇ ದೇಶದಲ್ಲಿ ಹುಟ್ಟಿದ ಮೊದಲ ಸ್ವಾಯತ್ತ ಸಂಸ್ಥೆ ಅದು. ಸ್ವಾಯತ್ತ ಎಂಬ ಮಾತಿನ ಒಳಗೆ ಇನ್ನೊಂದು ಮಾತು ಅಡಗಿದೆ: ಸಂಪಾದನೆಯನ್ನೂ ತಾನೇ ನೋಡಿಕೊಳ್ಳಬೇಕು. ದೊರೆಯ ಬೊಕ್ಕಸದಿಂದ ಬರುತ್ತಿದ್ದ ಹುಲಿಯ ಊಟ ಈಗ ಮುಖ್ಯವಾಗಿ ಟಿಕೆಟ್ಟಿನ ಹಣದಿಂದ ಬರಬೇಕಾಯಿತು. ಕೇಂದ್ರ ಸರ್ಕಾರ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವನ್ನು ಸ್ಥಾಪಿಸಿ, ಎಷ್ಟು ಜಾಗ, ಎಂಥ ಆವರಣ, ಯಾರು ವೈದ್ಯರು ಎಂಬುದಕ್ಕೆಲ್ಲ ನಿಯಮ ಮಾಡಿತು. ವಾರಕ್ಕೊಂದು ದಿನವಾದರೂ ಮೃಗಾಲಯ ಜನರಿಗೆ ಮುಚ್ಚಿರಬೇಕೆಂಬುದೂ ಆ ನಿಯಮಗಳಲ್ಲಿ ಸೇರಿದೆ. ಮೈಸೂರಿಗೂ ಬನ್ನೇರುಘಟ್ಟಕ್ಕೂ ಆ ದಿನ ಮಂಗಳವಾರ. ಪ್ರವಾಸಿಗೆ ಅದು ಬಾಗಿಲು ಹಾಕಿದ ದಿನ, ಪ್ರಾಣಿಗೆ ಯಾರ ಕಣ್ಣೂ ಬೀಳದ ದಿನ. ಹಲವು ಮೃಗಾಲಯಗಳಲ್ಲಿ ಹುಲಿ ಸಿಂಹಗಳಿಗೆ ವಾರದ ಉಪವಾಸವೂ ರಜೆಯ ದಿನವೇ. ಕಾಡಿನಲ್ಲಿ ಅವಕ್ಕೆ ದಿನವೂ ಬೇಟೆ ಸಿಗುವುದಿಲ್ಲವಾದ್ದರಿಂದ ಒಂದು ದಿನ ಹೊಟ್ಟೆಗೆ ಬಿಡುವು ಕೊಡುವುದು ಒಳಿತೆಂಬ ಲೆಕ್ಕ. ದಸರೆಯಲ್ಲಿ ಮಾತ್ರ ಈ ನಿಯಮ ಸಡಿಲವಾಗಿ ಮಂಗಳವಾರವೂ ಗೇಟು ತೆರೆಯುವ ರೂಢಿಯುಂಟು. ವಿಜಯದಶಮಿಯ ಆಸುಪಾಸಿನ ಒಂದೇ ದಿನದಲ್ಲಿ 20,000 ಮೀರಿ ಜನ ಬರುವಾಗ ಆ ಆದಾಯವನ್ನು ಬಿಡುವುದು ಕಷ್ಟ.

ಮೈಸೂರಿನದು ನಡೆದು ನೋಡುವ ಮೃಗಾಲಯ. ಒಂದು ಸುತ್ತು ಸುಮಾರು ಮೂರು ಕಿಲೋಮೀಟರ್. ಕಬ್ಬಿಣದ ಸರಳುಗಳ ಬದಲು ಕಂದಕದಾಚೆ ಪ್ರಾಣಿಯನ್ನು ನಿಲ್ಲಿಸುವ ಉಪಾಯವನ್ನು ಲೋಕಕ್ಕೆಲ್ಲ ತೋರಿಸಿದವನು ಜರ್ಮನಿಯ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್. 1907ರಲ್ಲಿ ಹ್ಯಾಂಬರ್ಗಿನ ಬಳಿ ಅವನು ತೆರೆದ ಉದ್ಯಾನದಲ್ಲಿ ನೋಡುಗನಿಗೂ ಸಿಂಹಕ್ಕೂ ನಡುವೆ ಕಣ್ಣಿಗೆ ಕಾಣುವ ಅಡ್ಡಿಯೇ ಇರಲಿಲ್ಲ. ಅದಾಗಿ ಸುಮಾರು ಅರುವತ್ತು ವರ್ಷಕ್ಕೆ ಇನ್ನೊಂದು ತಿರುವು. 1966ರಲ್ಲಿ ಇಂಗ್ಲೆಂಡಿನ ಲಾಂಗ್‌ಲೀಟ್ ಎಂಬ ಜಹಗೀರಿನಲ್ಲಿ ಅದರ ಯಜಮಾನನೂ ಸರ್ಕಸ್ ಮನೆತನದ ಜಿಮ್ಮಿ ಚಿಪ್ಪರ್‌ಫೀಲ್ಡ್ ಎಂಬಾತನೂ ಕೂಡಿ ಸಿಂಹಗಳನ್ನು ಬಯಲಿಗೆ ಬಿಟ್ಟು ಜನರನ್ನು ಕಾರಿನೊಳಗೆ ಕೂರಿಸಿದರು. ದುಬಾರಿ ಬಂಗಲೆಗಳನ್ನು ಉಳಿಸಿಕೊಳ್ಳಲು ಶ್ರೀಮಂತರು ಹೂಡಿದ ಉಪಾಯಗಳಲ್ಲಿ ಅದೂ ಒಂದು.

ಆ ಬಗೆಯ ನೋಟ ಕರ್ನಾಟಕದ ಜನಕ್ಕೆ ಸಿಕ್ಕಿದ್ದು ಬೆಂಗಳೂರಿನಿಂದ ಸುಮಾರು 22 ಕಿಲೋಮೀಟರ್ ದೂರದ ಬನ್ನೇರುಘಟ್ಟದಲ್ಲಿ. 1970ರ ದಶಕದ ಆರಂಭದಲ್ಲಿ ಅಲ್ಲಿ ಸಣ್ಣದಾಗಿ ಶುರುವಾದ ವಿಹಾರಧಾಮದ ಸುತ್ತಲ ಕಾಡು 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಪ್ರವಾಸಿಗಳು ಓಡಾಡುವ ಭಾಗವನ್ನು ಜೈವಿಕ ಉದ್ಯಾನವೆಂದು ಬೇರೆ ಮಾಡಿದರು. ಕಿಟಕಿಗೆ ಕಬ್ಬಿಣದ ಜಾಲರಿ ಬಡಿದ ವಾಹನದಲ್ಲಿ ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಕೂತಿರುತ್ತಾರೆ, ಹೊರಗೆ ರಸ್ತೆಗಡ್ಡವಾಗಿ ಸಿಂಹ ಕಾಲು ಚಾಚಿ ಮಲಗಿರುತ್ತದೆ. ಬೋನಿನೊಳಗಿರುವವರು ಈಗ ಯಾರೆಂದು ಮಕ್ಕಳೇ ನಗುತ್ತಾರೆ.

ಆ ಸಿಂಹ ಕಾಡಿನಿಂದ ಬಂದದ್ದೆಂದು ತಿಳಿದರೆ ತಪ್ಪು. ಕರ್ನಾಟಕದ ಕಾಡಿನಲ್ಲಿ ಸಿಂಹವಿಲ್ಲ. ಬನ್ನೇರುಘಟ್ಟದ ಎಷ್ಟೋ ಸಿಂಹ ಹುಲಿಗಳ ಪೂರ್ವೋತ್ತರ ಸರ್ಕಸ್ಸಿನದು. ಸಿಂಹ, ಹುಲಿ, ಚಿರತೆ, ಕರಡಿ, ಕೋತಿಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ನಿಷೇಧಿಸಲು ಸರ್ಕಾರ 1991ರಲ್ಲಿ ಹೊರಟಿತು, 1998ರಲ್ಲಿ ಮತ್ತೆ ಆಜ್ಞೆ ಹೊರಡಿಸಿತು. ಸರ್ಕಸ್ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2001ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಆಗ ಡೇರೆಗಳಿಂದ ಹೊರಬಂದ ಮೃಗಗಳಿಗೆ ಕಾಡಿನ ಬದುಕು ಗೊತ್ತಿರಲಿಲ್ಲ, ಹಲವು ಸಿಂಹಗಳು ಆಫ್ರಿಕಾ ಮತ್ತು ಗಿರ್ ತಳಿಗಳ ಬೆರಕೆಯಾದ್ದರಿಂದ ಸಂತಾನಕ್ಕೂ ಬಿಡುವಂತಿರಲಿಲ್ಲ. ಅವನ್ನು ಸಾಯುವವರೆಗೆ ಸಾಕುವುದೊಂದೇ ದಾರಿ. ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಆ ಕೆಲಸಕ್ಕೆ ನಿಂತಿತು. ಮೂಗುದಾರ ಕಳಚಿದ ಬೀದಿಯ ಕರಡಿಗಳೂ 2005ರಿಂದ ಅಲ್ಲಿಗೇ ಬಂದು ಸೇರಿದವು. ಅಜ್ಜಿಯನ್ನು ಚಿಕ್ಕಂದಿನಲ್ಲಿ ಬೆನ್ನ ಮೇಲೆ ಕೂರಿಸಿಕೊಂಡ ಕರಡಿಯ ಬಳಗವನ್ನೇ ಮೊಮ್ಮಗಳು ಜಾಲರಿಯ ಕಿಂಡಿಯಿಂದ ನೋಡುತ್ತಾಳೆ. ಕರಡಿ ಆಡಿಸುತ್ತಿದ್ದ ಕಲಂದರ್ ಮನೆತನಗಳು ಬೇರೆ ಕಸುಬು ಹುಡುಕಿಕೊಳ್ಳಬೇಕಾಯಿತು. ಆ ಕಷ್ಟದ ಕತೆಯನ್ನು ಯಾವ ಫಲಕದಲ್ಲಿಯೂ ಬರೆಯುವವರಿಲ್ಲ.

ಜನ ಬರುವುದು ನಿಂತರೆ ಏನಾಗುತ್ತದೆ ಎಂಬುದಕ್ಕೆ ಈಚೆಗೆ ಎರಡು ಉತ್ತರಗಳು ಸಿಕ್ಕಿವೆ. 2017ರ ಜನವರಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಮೈಸೂರು ಮೃಗಾಲಯ ಸುಮಾರು ಒಂದು ತಿಂಗಳು ಮುಚ್ಚಿತ್ತು. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಮುಚ್ಚಿದ ಬಾಗಿಲು ಮತ್ತೆ ತೆರೆದದ್ದು ಜೂನ್ 8ರಂದು. ಅದು ಬೇಸಿಗೆ ರಜೆ, ವರ್ಷದ ದೊಡ್ಡ ದುಡಿಮೆಯ ಕಾಲ. ಟಿಕೆಟ್ ಕಿಟಕಿಗೆ ಬೀಗ ಬಿದ್ದರೂ ಆನೆಯ ಹುಲ್ಲು, ಹುಲಿಯ ಮಾಂಸ, ಹಾವಿನ ಇಲಿ, ಪಾಲಕರ ಸಂಬಳ ಒಂದು ದಿನವೂ ನಿಲ್ಲುವಂತಿರಲಿಲ್ಲ. ವೆಲ್ಲೆಸ್ಲಿಯ ಕಾಗದದ ಸಮಸ್ಯೆ 221 ವರ್ಷಗಳ ಮೇಲೆ, ಅದೇ ಶ್ರೀರಂಗಪಟ್ಟಣದ ನೆರೆಯಲ್ಲೇ, ಬಾಗಿಲು ತಟ್ಟಿತು. ಈ ಸಲ ಉತ್ತರ ಬೇರೆಯಾಗಿತ್ತು. ದಾನಿಗಳು ಕೈಜೋಡಿಸಿದರು. 2001ರಿಂದಲೇ ನಡೆದುಬಂದಿದ್ದ ಪ್ರಾಣಿ ದತ್ತು ಯೋಜನೆಗೆ ಜೀವ ಬಂತು. 2021ರ ಎರಡನೆಯ ಅಲೆಯಲ್ಲಿ ಚಿತ್ರನಟರೊಬ್ಬರು ಕರೆಕೊಟ್ಟಾಗ ಅಭಿಮಾನಿಗಳು ರಾಜ್ಯದ ಮೃಗಾಲಯಗಳಲ್ಲಿ ಗಿಳಿಯಿಂದ ಆನೆಯವರೆಗೆ ಸಾಲುಸಾಲಾಗಿ ದತ್ತು ಪಡೆದರು. ಮಗುವಿನ ಹುಟ್ಟುಹಬ್ಬಕ್ಕೆ ಒಂದು ಮೊಲದ ವರ್ಷದ ಊಟ ಕೊಡಿಸಿದ ತಂದೆತಾಯಿಗೆ ಆಮೇಲಿನ ಭೇಟಿ ಪ್ರವಾಸವಾಗಿ ಉಳಿಯುವುದಿಲ್ಲ, ನೆಂಟರ ಮನೆಗೆ ಹೋಗಿಬಂದಂತಾಗುತ್ತದೆ.

ಹಾಗೆಂದು ಎಲ್ಲವೂ ಸೊಗಸಾಗಿದೆಯೆಂದು ಹೇಳುವಂತಿಲ್ಲ. ಡಬ್ಲಿನ್ನಿನಿಂದ 1995ರಲ್ಲಿ ಮೈಸೂರಿಗೆ ಬಂದ ಪೋಲೋ ಎಂಬ ಗೊರಿಲ್ಲಾ ಎಷ್ಟೋ ವರ್ಷ ಇಡೀ ಭಾರತದಲ್ಲಿದ್ದ ಏಕೈಕ ಗೊರಿಲ್ಲಾ ಎನಿಸಿತ್ತು. ಮಕ್ಕಳಿಗೆ ಅದು ಹೆಮ್ಮೆಯ ಸಂಗತಿ. ಗುಂಪಿನಲ್ಲಿ ಬಾಳುವ ಜಾತಿಯ ಆ ಜೀವಕ್ಕೆ ಏನೆನಿಸುತ್ತಿತ್ತೋ! 2014ರಲ್ಲಿ ಅದು ಒಂಟಿಯಾಗಿಯೇ ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ಬಂದ ಥಾಬೊ, ಡೆಂಬಾ ಎಂಬ ಗೊರಿಲ್ಲಾಗಳನ್ನು ಜೋಡಿಯಾಗಿಯೇ ತರಿಸಿದ್ದರಲ್ಲಿ ಆ ಒಂಟಿತನದ ಪಾಠ ಕಾಣುತ್ತದೆ.

ಈಗ ಹೊರಡುವವರು ಬೆಳಗಿನ ಎಂಟೂವರೆಗೆ, ಗೇಟು ತೆರೆಯುವಾಗಲೇ ಹೋದರೆ ಒಳ್ಳೆಯದು. ಬಿಸಿಲೇರಿದಂತೆ ಪ್ರಾಣಿಗಳು ನೆರಳು ಹಿಡಿಯುತ್ತವೆ, ಹನ್ನೆರಡರ ಹೊತ್ತಿಗೆ ಕಾಣುವುದು ಬಾಲ ಮಾತ್ರ. ನಡೆಯಲಾರದ ಹಿರಿಯರಿಗೆ ಬ್ಯಾಟರಿ ಗಾಡಿಗಳುಂಟು. ಬುತ್ತಿಯನ್ನು ಒಳಗೆ ಒಯ್ಯದೆ ಸುತ್ತು ಮುಗಿಸಿ, ಹೊರಬಂದ ಮೇಲೆ ಬಿಚ್ಚಬೇಕು. ಭಾನುವಾರದ ಬದಲು ಬುಧವಾರವೋ ಗುರುವಾರವೋ ಹೋಗಲು ಸಾಧ್ಯವಾದರೆ ಮಕ್ಕಳಿಗೆ ಎದುರಿನವರ ಬೆನ್ನು ಬಿಟ್ಟು ಬೇರೇನಾದರೂ ಕಂಡೀತು.

ಮೈಸೂರಿನ ಆಚೆ ಕೂರ್ಗಳ್ಳಿಯಲ್ಲಿ ಇದೇ ಮೃಗಾಲಯ ನಡೆಸುವ ಇನ್ನೊಂದು ಆವರಣವಿದೆ, ಚಾಮುಂಡಿ ಪುನರ್ವಸತಿ ಕೇಂದ್ರವೆಂದು ಅದರ ಹೆಸರು. ಕಾಡಂಚಿನ ಊರುಗಳಿಗೆ ನುಗ್ಗಿ ದನಕರುಗಳ ಮೇಲೆ, ಕೆಲವೊಮ್ಮೆ ಮನುಷ್ಯರ ಮೇಲೂ ಎರಗಿ ಸೆರೆಸಿಕ್ಕ ಹುಲಿ, ಚಿರತೆಗಳನ್ನು ತಂದಿಡುವುದು ಅಲ್ಲಿಗೆ. ಬಂಡೀಪುರ, ನಾಗರಹೊಳೆಗಳ ಸುತ್ತಿನಿಂದ ಬಂದ ಆ ಹುಲಿಗಳ ಊಟವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿಗೆ ಪ್ರವಾಸಿಗಳನ್ನು ಬಿಡುವುದಿಲ್ಲ.